ಕೊಳ್ಳೇಗಾಲದ ಪ್ರಜೆ, ಯಳಂದೂರಿನ ಪ್ರಜೆ: 1935ರ ಒಕ್ಕೂಟ ಯೋಜನೆ ಮತ್ತು ಪೌರತ್ವ

ಕೊಳ್ಳೇಗಾಲ, ಯಳಂದೂರುಗಳು ನೆರೆಹೊರೆಯ ಸೀಮೆಗಳು. ಎರಡು ಕಡೆಯ ಜನರ ಮಾತೂ ಕನ್ನಡವೇ. ಆದರೆ 1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ನಡೆದ ರಾಜ್ಯವಿಭಜನೆಯು ಇವುಗಳ ನಡುವೆ ಒಂದು ಎಲ್ಲೆಯನ್ನೆಳೆಯಿತು. ಹನೂರನ್ನೊಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಮೈಸೂರು ಸಂಸ್ಥಾನದಲ್ಲಿಯೇ ಉಳಿದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಯಿತು.

ಈ ಎಲ್ಲೆಯು ಕೇವಲ ಕಂದಾಯಕ್ಕೆ ಸಂಬಂಧಿಸಿದುದಾಗಿರಲಿಲ್ಲ. ಕೊಳ್ಳೇಗಾಲದಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ಯಳಂದೂರಿನಲ್ಲಿ ಹುಟ್ಟಿದವನು ಮಹಾರಾಜರ ಪ್ರಜೆ. ಬ್ರಿಟಿಷ್ ಕಾನೂನಿನ ದೃಷ್ಟಿಯಲ್ಲಿ ಎರಡನೆಯವನು ಕೇವಲ ರಕ್ಷಿತ ವ್ಯಕ್ತಿ. ಪ್ರಾಂತಗಳನ್ನೂ ಸಂಸ್ಥಾನಗಳನ್ನೂ ಒಂದೇ ಒಕ್ಕೂಟದಲ್ಲಿ ಕೂಡಿಸಲು ಹೊರಟ 1935ರ ಭಾರತ ಸರ್ಕಾರದ ಕಾಯಿದೆಯು ಈ ಭೇದವನ್ನು ಅಳಿಸಿತೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕಾಯಿದೆಯ ಪ್ರಕಾರ ಒಕ್ಕೂಟದ ಕೆಳಮನೆಯ 375 ಸ್ಥಾನಗಳಲ್ಲಿ 250 ಬ್ರಿಟಿಷ್ ಭಾರತಕ್ಕೆ, 125 ಸಂಸ್ಥಾನಗಳಿಗೆ ಮೀಸಲಾಗಿದ್ದುವು. ಮೈಸೂರಿಗೆ ಕೆಳಮನೆಯಲ್ಲಿ 7, ಮೇಲ್ಮನೆಯಲ್ಲಿ 3 ಸ್ಥಾನಗಳು ದೊರೆಯತಕ್ಕುದಾಗಿತ್ತು. ಆಸ್ತಿ, ತೆರಿಗೆ ಅಥವಾ ವಿದ್ಯೆಯ ಅರ್ಹತೆಯುಳ್ಳ ಕೊಳ್ಳೇಗಾಲದ ಮತದಾರನು ಮದರಾಸಿನ ಶಾಸನಸಭೆಯ ಮೂಲಕ ಪರೋಕ್ಷವಾಗಿಯಾದರೂ ಕೆಳಮನೆಯನ್ನು ಮುಟ್ಟಬಲ್ಲವನಾಗಿದ್ದನು. ಯಳಂದೂರಿನವನಿಗೆ ಆ ದಾರಿಯೂ ಇರಲಿಲ್ಲ. ಮೈಸೂರಿನ ಪ್ರತಿನಿಧಿಗಳನ್ನು ನೇಮಿಸುವ ಅಧಿಕಾರವು ಅರಸರದು. 1881ರಿಂದಲೇ ಪ್ರಜಾಪ್ರತಿನಿಧಿ ಸಭೆಯನ್ನು ಹೊಂದಿದ್ದ ಸಂಸ್ಥಾನಕ್ಕೂ ಇದೇ ನಿಯಮ. ಒಕ್ಕೂಟಕ್ಕೆ ಸೇರಿದ ಸಂಸ್ಥಾನದ ಪ್ರಜೆಯು ಒಕ್ಕೂಟದ ಸಿವಿಲ್ ಹುದ್ದೆಗಳಿಗೆ ಅರ್ಹನೆಂದು ಕಾಯಿದೆಯು ಹೇಳಿತೇನೋ ನಿಜ. ಆದರೆ ಆ ಅರ್ಹತೆಯು ಜನ್ಮದಿಂದ ಬಂದುದಲ್ಲ, ಪ್ರವೇಶಪತ್ರಕ್ಕೆ ಅರಸರು ಹಾಕುವ ಸಹಿಯಿಂದ ಬರತಕ್ಕದ್ದು. ಕೂಡಲಿದ್ದುದು ಸರ್ಕಾರಗಳೇ ಹೊರತು ಜನರಲ್ಲ.

ದಿವಾನ್ ಮಿರ್ಜಾ ಇಸ್ಮಾಯಿಲರು ಒಕ್ಕೂಟದ ಪರವಾಗಿದ್ದರು. ಆದರೆ ಸಾಕಷ್ಟು ಅರಸರು ಮುಂದೆ ಬರಲಿಲ್ಲ. 1939ರ ಸೆಪ್ಟೆಂಬರಿನಲ್ಲಿ, ಯುದ್ಧಾರಂಭದೊಡನೆ, ಯೋಜನೆಯು ಸ್ಥಗಿತಗೊಂಡಿತು. ಅಷ್ಟರಲ್ಲಿ 1937ರ ಏಪ್ರಿಲ್ 1ರಿಂದ ಕೊಳ್ಳೇಗಾಲವು ಪ್ರಾಂತೀಯ ಸ್ವಾಯತ್ತತೆಯ ಫಲವನ್ನು ಕಂಡಿತ್ತು. ಮೈಸೂರಿನ ಪ್ರಜೆಗಳಾದರೋ 1938ರ ಶಿವಪುರ ಧ್ವಜ ಸತ್ಯಾಗ್ರಹವೇ ಮೊದಲಾದ ಹೋರಾಟಗಳನ್ನು ನಡೆಸಿ, 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವನ್ನು ಪಡೆಯಬೇಕಾಯಿತು.

ಭೇದವು ಅಳಿದುದು ಸಂವಿಧಾನದಿಂದ. ಅದರ ಬಹುಭಾಗವು 1950ರ ಜನವರಿ 26ರಂದು ಜಾರಿಗೆ ಬಂದರೂ ಪೌರತ್ವದ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದುವು. ಐದನೆಯ ವಿಧಿಯು ಭಾರತದಲ್ಲಿ ನೆಲೆಸಿ, ಇಲ್ಲಿ ಹುಟ್ಟಿದವನನ್ನು ಪೌರನೆಂದು ಅಂಗೀಕರಿಸಿತು. ಅವನು ಪ್ರಾಂತದವನೋ ಸಂಸ್ಥಾನದವನೋ ಎಂದು ಕೇಳಲಿಲ್ಲ. ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರಿದುದು 1956ರ ನವೆಂಬರ್ 1ರಂದು. ಎಂದರೆ, ಈ ನೆರೆಹೊರೆಯವರು ಒಂದೇ ರಾಜ್ಯದವರಾಗುವುದಕ್ಕೆ ಸುಮಾರು ಏಳು ವರ್ಷ ಮೊದಲೇ ಸಮಾನ ಪೌರರಾಗಿದ್ದರು. ಪ್ರಾದೇಶಿಕ ಏಕೀಕರಣವನ್ನು ಅಭ್ಯಸಿಸುವವರು ಅದಕ್ಕೆ ಮುಂಚಿನ ಈ ಏಕೀಕರಣವನ್ನೂ ಗಮನಿಸುವುದು ಅವಶ್ಯಕ.