ಏಣಿಯಿಲ್ಲದ ಅಳತೆ: ವಿಶ್ವದ ಹಿಗ್ಗುವಿಕೆಯ ದರ ಮತ್ತು ಕರ್ನಾಟಕದ ಗುರುತ್ವ ಸಂಶೋಧನೆ

ಪೀಠಿಕೆ

ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬ ಪ್ರಶ್ನೆಗೆ ಇಂದು ಎರಡು ಉತ್ತರಗಳಿವೆ. ವಿಶ್ವದ ಶೈಶವದಿಂದ ಉಳಿದುಬಂದ ಸೂಕ್ಷ್ಮತರಂಗ ವಿಕಿರಣವನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕದಲ್ಲಿ ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ, ಅಂದರೆ 32.6 ಲಕ್ಷ ಜ್ಯೋತಿರ್ವರ್ಷಕ್ಕೆ, ವೇಗ ಸೆಕೆಂಡಿಗೆ 67.4 ಕಿಲೋಮೀಟರ್. ನಕ್ಷತ್ರಗಳನ್ನೂ ಸೂಪರ್‌ನೋವಾಗಳನ್ನೂ ಆಧರಿಸಿ ಆಡಂ ರೀಸ್ ತಂಡ 2022ರಲ್ಲಿ ಕೊಟ್ಟ ಅಂಕಿ 73.04. ಮೊದಲನೆಯದರ ದೋಷಮಿತಿ 0.5, ಎರಡನೆಯದರದು 1.04. ಹಾಗಾಗಿ ಈ ಅಂತರವನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ಎರಡು ಬಣಗಳ ದತ್ತಾಂಶವನ್ನೂ ಅವಲಂಬಿಸದ ಮೂರನೆಯ ಅಳತೆ ಈಗ ಬೇಕಾಗಿದೆ. ಗುರುತ್ವ ಅಲೆಗಳು ಅಂಥದೊಂದು ದಾರಿಯನ್ನು ತೆರೆದಿವೆ. ಆ ದಾರಿಯ ಗಣಿತದಲ್ಲಿ ಕರ್ನಾಟಕದ ಪಾಲೆಷ್ಟು ಎಂಬುದನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ದೂರದ ಏಣಿ

ಗೆಲಾಕ್ಸಿಯ ವೇಗವನ್ನು ತಿಳಿಯುವುದು ಸುಲಭ. ಅದರ ಬೆಳಕಿನ ರೋಹಿತ ಕೆಂಪಿನ ಕಡೆಗೆ ಎಷ್ಟು ಸರಿದಿದೆ ಎಂದು ನೋಡಿದರಾಯಿತು. ಕಷ್ಟವಿರುವುದು ದೂರವನ್ನು ತಿಳಿಯುವುದರಲ್ಲಿ. 1912ರಲ್ಲಿ ಹೆನ್ರಿಯೆಟಾ ಲೆವಿಟ್ ಸೆಫೀಡ್ ನಕ್ಷತ್ರಗಳ ಮಿಡಿತದ ಅವಧಿಗೂ ಅವುಗಳ ನಿಜವಾದ ಪ್ರಕಾಶಕ್ಕೂ ಇರುವ ನಂಟನ್ನು ತೋರಿಸಿದರು. ನಿಜವಾದ ಪ್ರಕಾಶ ಗೊತ್ತಾದರೆ, ಕಾಣುವ ಪ್ರಕಾಶದಿಂದ ದೂರ ದೊರೆಯುತ್ತದೆ. ಈ ನಂಟನ್ನು ನೆಚ್ಚಿಕೊಂಡು ಎಡ್ವಿನ್ ಹಬಲ್ 1929ರಲ್ಲಿ ಕೊಟ್ಟ ದರ ಸುಮಾರು 500. ಅದಕ್ಕೆ ಎರಡು ವರ್ಷ ಮೊದಲೇ ಬೆಲ್ಜಿಯಂನ ಜಾರ್ಜ್ ಲಮೆತ್ರ್ ಇದೇ ಸಂಬಂಧವನ್ನು ಸಿದ್ಧಾಂತದಿಂದ ಪಡೆದಿದ್ದರು.

500 ಎಂಬ ಅಂಕಿಯನ್ನು ಒಪ್ಪಿದರೆ ವಿಶ್ವದ ವಯಸ್ಸು ಇನ್ನೂರು ಕೋಟಿ ವರ್ಷವನ್ನು ಮುಟ್ಟುತ್ತಿರಲಿಲ್ಲ. ಭೂಮಿಯ ಶಿಲೆಗಳು ಅದಕ್ಕಿಂತ ಹಳೆಯವು. 1952ರಲ್ಲಿ ವಾಲ್ಟರ್ ಬಾಡೆ ಸೆಫೀಡ್‌ಗಳಲ್ಲಿ ಎರಡು ಬಗೆಗಳಿವೆಯೆಂದು ತೋರಿಸಿ ದೂರಗಳನ್ನು ಇಮ್ಮಡಿಗೊಳಿಸಿದರು. 1958ರಲ್ಲಿ ಅಲನ್ ಸ್ಯಾಂಡೇಜ್ ದರವನ್ನು 75ರ ಆಸುಪಾಸಿಗೆ ಇಳಿಸಿದರು. ಆಮೇಲೆ ಸ್ಯಾಂಡೇಜ್ 50ರತ್ತ, ಜೆರಾರ್ ದ ವೊಕುಲರ್ 100ರತ್ತ ವಾಲಿ ದಶಕಗಳ ಕಾಲ ವಾದಿಸಿದರು. 2001ರಲ್ಲಿ ವೆಂಡಿ ಫ್ರೀಡ್‌ಮನ್ ತಂಡ ಹಬಲ್ ದೂರದರ್ಶಕದ ನೆರವಿನಿಂದ 72 ಎಂಬ ಅಂಕಿಯನ್ನು ಕೊಟ್ಟಿತು, ದೋಷಮಿತಿ 8.

ಈ ವಿಧಾನದಲ್ಲಿ ಹತ್ತಿರದ ನಕ್ಷತ್ರದಿಂದ ಸೆಫೀಡ್, ಸೆಫೀಡ್‌ನಿಂದ ಸೂಪರ್‌ನೋವಾ ಎಂದು ಮೆಟ್ಟಿಲೇರಬೇಕು. ಗೋಡೆಯ ಕೆಳವರಸೆಯ ಕಲ್ಲು ಓರೆಯಾದರೆ ಮೇಲಿನ ವರಸೆಗಳೂ ಓರೆಯಾಗುವಂತೆ, ಮೊದಲ ಮೆಟ್ಟಿಲಿನ ತಪ್ಪು ಕೊನೆಯವರೆಗೂ ಬರುತ್ತದೆ. ಒಂದು ಶತಮಾನದ ಈ ವಿವಾದದ ಬಹುಪಾಲು ಹುಟ್ಟಿದ್ದೇ ಮೆಟ್ಟಿಲುಗಳ ಹೊಂದಾಣಿಕೆಯಲ್ಲಿ.

ಅಲೆಯೇ ದೂರ ಹೇಳುವ ಬಗೆ

ಏಣಿಯನ್ನೇ ಬಿಡುವ ಉಪಾಯವನ್ನು 1986ರಲ್ಲಿ ಬರ್ನಾರ್ಡ್ ಶುಟ್ಜ್ ಸೂಚಿಸಿದರು. ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತುತ್ತ ಸಮೀಪಿಸುವಾಗ ಗುರುತ್ವ ಅಲೆಯ ಆವರ್ತ ಏರುತ್ತ ಹೋಗುತ್ತದೆ. ಆ ಏರಿಕೆಯ ವೇಗದಿಂದ ಜೋಡಿಯ ದ್ರವ್ಯರಾಶಿಯ ಲೆಕ್ಕ ಸಿಗುತ್ತದೆ. ಆ ಲೆಕ್ಕದಿಂದ ಅಲೆಯ ಮೂಲಬಲ ತಿಳಿಯುತ್ತದೆ. ಭೂಮಿಗೆ ತಲುಪಿದ ಬಲವನ್ನು ಮೂಲಬಲಕ್ಕೆ ಹೋಲಿಸಿದರೆ ದೂರ ನೇರವಾಗಿ ದೊರೆಯುತ್ತದೆ. ನಡುವೆ ಯಾವ ಸೆಫೀಡ್‌ಗೂ ಕೆಲಸವಿಲ್ಲ.

ಆದರೆ ಸಾವಿರಾರು ಸುತ್ತುಗಳ ಉದ್ದಕ್ಕೂ ಅಲೆಯ ಸ್ವರೂಪವನ್ನು ನಿಖರವಾಗಿ ಮುಂಗಾಣದೆ, ಸದ್ದುಗದ್ದಲದ ದತ್ತಾಂಶದಿಂದ ಅದನ್ನು ಹೆಕ್ಕಲಾಗದು. ಐನ್‌ಸ್ಟೈನ್ ಸಮೀಕರಣಗಳಿಗೆ ಮೊದಲ ಅಂದಾಜು ಸಾಲದು. ತಿದ್ದುಪಡಿಗಳನ್ನು ಹಂತಹಂತವಾಗಿ ಸೇರಿಸಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಈ ಕೆಲಸಕ್ಕೆ ಕೈಹಾಕಿದರು. 1995ರಲ್ಲಿ ಲ್ಯೂಕ್ ಬ್ಲಾಂಶೆ, ತಿಬೊ ದಮೂರ್, ಕ್ಲಿಫರ್ಡ್ ವಿಲ್, ಆಲನ್ ವೈಸ್‌ಮನ್ ಅವರೊಂದಿಗೆ ಅವರು ಪ್ರಕಟಿಸಿದ ಪ್ರಬಂಧ ಸುತ್ತುವ ಜೋಡಿಯ ಶಕ್ತಿನಷ್ಟವನ್ನು ಎರಡನೆಯ ನ್ಯೂಟನೋತ್ತರ ಹಂತದವರೆಗೆ ಕೊಟ್ಟಿತು. ಇಂದಿನ ಅಲೆ ಮಾದರಿಗಳ ತಳಹದಿಯಲ್ಲಿ ಈ ಸಾಲಿನ ಕೆಲಸವಿದೆ.

ಇದೇ ಕ್ಷೇತ್ರದ ಇನ್ನೊಂದು ಹೆಸರು ಸಿ.ವಿ. ವಿಶ್ವೇಶ್ವರ. ಕನ್ನಡ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗನಾದ ಅವರು ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. ಕೆದಕಿದ ಕಪ್ಪು ರಂಧ್ರ ತನ್ನದೇ ಸ್ವರದಲ್ಲಿ ಕಂಪಿಸಿ ಕ್ಷೀಣಿಸುತ್ತದೆ ಎಂದು ವಿಶ್ವೇಶ್ವರ 1970ರಲ್ಲಿ ತೋರಿಸಿದರು. ನ್ಯೂಟ್ರಾನ್ ಜೋಡಿಯಿಂದ ದೂರ ಅಳೆಯಲು ಈ ಫಲಿತಾಂಶ ಬಳಕೆಯಾಗುವುದಿಲ್ಲ. ಕಪ್ಪು ರಂಧ್ರಗಳ ವಿಲೀನದ ಕೊನೆಯ ಕ್ಷಣಗಳನ್ನು ಓದಲು ಬೇಕಾಗುತ್ತದೆ. ಇಬ್ಬರ ಕೊಡುಗೆಗಳನ್ನೂ ಒಂದೇ ಸಾಲಿನಲ್ಲಿ ಹೊಗಳಿ ಮುಗಿಸುವ ಬದಲು ಈ ವ್ಯತ್ಯಾಸವನ್ನು ಕಾಣುವುದು ಇತಿಹಾಸಕ್ಕೆ ಅಗತ್ಯ.

2017ರ ಪರೀಕ್ಷೆ

2017ರ ಆಗಸ್ಟ್ 17ರಂದು ಲೈಗೋ ಮತ್ತು ವರ್ಗೋ ಶೋಧಕಗಳು ನ್ಯೂಟ್ರಾನ್ ಜೋಡಿಯ ಅಲೆಯನ್ನು ದಾಖಲಿಸಿದವು. 1.7 ಸೆಕೆಂಡುಗಳ ನಂತರ ಗಾಮಾ ಕಿರಣಗಳು ಬಂದವು. ಕೆಲವೇ ಗಂಟೆಗಳಲ್ಲಿ ಮೂಲ ಗೆಲಾಕ್ಸಿ ಎನ್‌ಜಿಸಿ 4993 ಎಂದು ಖಚಿತವಾಯಿತು. ಅಲೆಯಿಂದ ಸಿಕ್ಕ ದೂರ ಸುಮಾರು 43.8 ಮೆಗಾಪಾರ್ಸೆಕ್, ಸ್ಥಳೀಯ ಚಲನೆಯನ್ನು ಕಳೆದ ಮೇಲೆ ಉಳಿದ ವೇಗ ಸೆಕೆಂಡಿಗೆ ಸುಮಾರು 3,017 ಕಿಲೋಮೀಟರ್. ಫಲಿತಾಂಶ 70, ದೋಷಮಿತಿ ಮೇಲಕ್ಕೆ 12, ಕೆಳಕ್ಕೆ 8. ಎರಡು ಬಣಗಳ ಅಂಕಿಗಳೂ ಈ ಮಿತಿಯೊಳಗೇ ಬರುವುದರಿಂದ ತೀರ್ಪು ಸಿಗಲಿಲ್ಲ.

ಮಿತಿ ಇಷ್ಟು ಅಗಲವಾಗಲು ಕಾರಣ ಕಕ್ಷೆಯ ಓರೆ. ನಮಗೆ ಎದುರಾಗಿ ಸುತ್ತುವ ದೂರದ ಜೋಡಿಗೂ, ಓರೆಯಾಗಿ ಸುತ್ತುವ ಹತ್ತಿರದ ಜೋಡಿಗೂ ಅಲೆಬಲ ಒಂದೇ ಇರಬಹುದು. 2019ರಲ್ಲಿ ಹೊತೊಕೆಝಾಕಾ ತಂಡ ರೇಡಿಯೊ ವೀಕ್ಷಣೆಯಿಂದ ಓರೆಯನ್ನು ಅಂದಾಜಿಸಿ ಮಿತಿಯನ್ನು 5ರ ಆಸುಪಾಸಿಗೆ ಇಳಿಸಿತು.

ಬೆಂಗಳೂರಿನ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದ ಪಿ. ಅಜಿತ್ ಮತ್ತು ಸಹೋದ್ಯೋಗಿಗಳು 2023ರಲ್ಲಿ ಇನ್ನೊಂದು ದಾರಿಯನ್ನು ಮಂಡಿಸಿದರು. ನಡುವಿನ ಗೆಲಾಕ್ಸಿಯ ಗುರುತ್ವದಿಂದ ಒಂದೇ ವಿಲೀನದ ಅಲೆ ಹಲವು ಪ್ರತಿಗಳಾಗಿ ಬೇರೆ ಬೇರೆ ಸಮಯಕ್ಕೆ ತಲುಪಬಲ್ಲದು. ಮುಂದಿನ ಪೀಳಿಗೆಯ ಶೋಧಕಗಳಿಗೆ ಅಂಥವು ಸಾವಿರಾರು ಸಿಕ್ಕರೆ, ಅವುಗಳ ಸಂಖ್ಯೆ ಮತ್ತು ವಿಳಂಬಗಳಿಂದಲೇ ಹಿಗ್ಗುವಿಕೆಯ ದರವನ್ನು ಪಡೆಯಬಹುದು.

ಸಮಾರೋಪ

2017ರಂಥ ಸುಮಾರು ಐವತ್ತು ಘಟನೆಗಳು ಕೂಡಿದರೆ ದೋಷಮಿತಿ ಶೇ. 2ಕ್ಕೆ ಇಳಿಯುತ್ತದೆಂದು 2018ರ ಒಂದು ಅಧ್ಯಯನ ಲೆಕ್ಕಹಾಕಿದೆ. ಮೂಲವನ್ನು ಆಕಾಶದಲ್ಲಿ ಗುರುತಿಸಲು ದೂರದೂರದ ಶೋಧಕಗಳು ಬೇಕು. 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿದ, ಮಹಾರಾಷ್ಟ್ರದ ಹಿಂಗೋಲಿಯ ಲೈಗೋ-ಇಂಡಿಯಾ ಯೋಜನೆಯ ಮಹತ್ವ ಇರುವುದು ಇಲ್ಲಿಯೇ. 67 ಮತ್ತು 73ರ ಜಗಳ ತೀರಿದಾಗ ಶೋಧಕಗಳ ಜೊತೆಗೆ ಕಾಗದ-ಪೆನ್ಸಿಲಿನಲ್ಲಿ ನಡೆದ ಲೆಕ್ಕಕ್ಕೂ ಅದರ ಶ್ರೇಯ ಸಲ್ಲಬೇಕು. ಹಬಲ್ ಸ್ಥಿರಾಂಕದ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವವರು ಅಮೆರಿಕದ ದೂರದರ್ಶಕಗಳ ಕಥೆಗೇ ನಿಲ್ಲದೆ, ಬೆಂಗಳೂರಿನ ಈ ಅಧ್ಯಾಯವನ್ನೂ ಅದರಲ್ಲಿ ಸೇರಿಸಬೇಕು.