ಮುಟ್ಟಿನ ಮುಂಚಿನ ಸಿಟ್ಟು, ಸಂಕಟಕ್ಕೆ ಧ್ಯಾನ ಮಾಡಿದರೆ ಸಾಕೇ?

"ಮುಟ್ಟಿಗೆ ಮುಂಚೆ ಬರುವ ಸಿಟ್ಟು, ಅಳು, ಮೈಕೈ ನೋವು ಎಲ್ಲ ಮನಸ್ಸಿನ ಆಟ. ದಿನಾ ಹತ್ತು ನಿಮಿಷ ಧ್ಯಾನ ಮಾಡಿ, ಮಾತ್ರೆ ಬಿಟ್ಟುಬಿಡಿ." ಇಂಥ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಬೆಂಗಳೂರಿನ ಆಫೀಸಿನಲ್ಲಿ ಕೂತವರೂ ಓದುತ್ತಾರೆ, ವಿಜಯಪುರ ಜಿಲ್ಲೆಯ ಗೊಳಸಂಗಿಯಲ್ಲಿ ಕೂತವರೂ ಓದುತ್ತಾರೆ. ಇದು ನಿಜವೇ?

ಒಂದೇ ಮಾತಿನಲ್ಲಿ ಹೇಳುವುದಾದರೆ, ಅರ್ಧ ನಿಜ. ಧ್ಯಾನದಿಂದ ಕೆಲವರಿಗೆ ಸ್ವಲ್ಪ ಹಗುರವಾಗಬಹುದು. ಆದರೆ "ಮನಸ್ಸಿನ ಆಟ" ಅನ್ನುವುದು ತಪ್ಪು, "ಮಾತ್ರೆ ಬಿಡಿ" ಅನ್ನುವುದು ಅಪಾಯ.

ಏನಿದು ತೊಂದರೆ?

ಅಂಡಾಶಯದಿಂದ ಅಂಡ ಬಿಡುಗಡೆಯಾದ ಮೇಲೆ ಮುಟ್ಟು ಬರಲು ಸುಮಾರು ಎರಡು ವಾರ ಬೇಕು. ಈ ಅವಧಿಯಲ್ಲಿ, ಅದರಲ್ಲೂ ಕೊನೆಯ ವಾರದಲ್ಲಿ, ಹಲವರಿಗೆ ಎದೆ ಭಾರ, ಹೊಟ್ಟೆ ಉಬ್ಬರ, ತಲೆನೋವು, ನಿದ್ದೆಗೇಡು, ಸಿಡುಕು, ಕಾರಣವಿಲ್ಲದ ಅಳು ಬರುತ್ತದೆ. ಮುಟ್ಟು ಶುರುವಾಗಿ ಕೆಲವು ದಿನಗಳಲ್ಲಿ ಎಲ್ಲ ತಾನಾಗಿ ಇಳಿಯುತ್ತದೆ. ಇದಕ್ಕೆ ಪಿಎಂಎಸ್ ಎನ್ನುತ್ತಾರೆ. ಅಮೆರಿಕದ ವೈದ್ಯ ರಾಬರ್ಟ್ ಫ್ರಾಂಕ್ ಇದರ ಬಗ್ಗೆ 1931ರಲ್ಲೇ ಬರೆದಿದ್ದರು. ಈಗಿನ ಹೆಸರು 1953ರಲ್ಲಿ ಬ್ರಿಟನ್ನಿನ ವೈದ್ಯರಾದ ರೇಮಂಡ್ ಗ್ರೀನ್ ಮತ್ತು ಕ್ಯಾಥರೀನಾ ಡಾಲ್ಟನ್ ಅವರಿಂದ ಬಂತು.

ಮನಸ್ಸಿನ ಆಟವೇ?

ಅಲ್ಲ. 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ತೊಂದರೆ ಇದ್ದ ಹೆಂಗಸರಿಗೆ ಅಂಡಾಶಯದ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಔಷಧ ಕೊಟ್ಟಾಗ ಅವರಲ್ಲಿ ಹಲವರ ಸಂಕಟ ಇಳಿಯಿತು. ಆ ಬಳಿಕ ಈಸ್ಟ್ರೋಜನ್ ಅಥವಾ ಪ್ರೊಜೆಸ್ಟರಾನ್ ಹಾರ್ಮೋನನ್ನು ಹೊರಗಿನಿಂದ ಕೊಟ್ಟಾಗ ಸಂಕಟ ಮರಳಿತು. ಪಿಎಂಎಸ್ ಇಲ್ಲದ ಹೆಂಗಸರಿಗೆ ಅವೇ ಹಾರ್ಮೋನುಗಳನ್ನು ಕೊಟ್ಟಾಗ ಮನಸ್ಥಿತಿ ಕೆಡಲಿಲ್ಲ.

ಅಂದರೆ ಹಾರ್ಮೋನು ಹೆಚ್ಚಾಗಿದೆ ಅಥವಾ ಕಡಿಮೆಯಾಗಿದೆ ಎಂಬುದು ಇಲ್ಲಿನ ವಿಷಯವಲ್ಲ. ಸಹಜ ಏರಿಳಿತಕ್ಕೇ ಕೆಲವರ ಮೆದುಳು ಹೆಚ್ಚು ಸ್ಪಂದಿಸುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಹಾರ್ಮೋನು "ನಾರ್ಮಲ್" ಎಂದು ಬಂದರೂ ತೊಂದರೆ ಸುಳ್ಳಲ್ಲ. "ಸೊಕ್ಕು ಬಂದೈತಿ" ಎಂದು ಬೈಯುವುದಾಗಲಿ, "ಗಾಳಿ ಸೋಕೈತಿ" ಎಂದು ತಾಯಿತ ಕಟ್ಟಿಸುವುದಾಗಲಿ ಇದಕ್ಕೆ ಪರಿಹಾರವಲ್ಲ.

ಹಾಗಾದರೆ ಧ್ಯಾನ ಏನು ಮಾಡುತ್ತದೆ?

ಮೈಂಡ್‌ಫುಲ್‌ನೆಸ್ ಎಂದರೆ ಈ ಕ್ಷಣದಲ್ಲಿ ಮೈಗೆ, ಮನಸ್ಸಿಗೆ ಏನಾಗುತ್ತಿದೆ ಎಂಬುದನ್ನು ತಪ್ಪು-ಸರಿ ಎನ್ನದೆ ಗಮನಿಸುವುದು. ಇದನ್ನು ಎಂಟು ವಾರಗಳ ತರಬೇತಿಯಾಗಿ ಆಸ್ಪತ್ರೆಗೆ ತಂದವರು ಅಮೆರಿಕದ ಜಾನ್ ಕಬಟ್-ಝಿನ್. ಅವರು ಅದನ್ನು ಶುರು ಮಾಡಿದ್ದು 1979ರಲ್ಲಿ.

ಇದರಿಂದ ಹಾರ್ಮೋನಿನ ಏರಿಳಿತ ನಿಲ್ಲುವುದಿಲ್ಲ. ಆದರೆ ನೋವಿನ ಮೇಲೆ ನಾವೇ ಹೇರಿಕೊಳ್ಳುವ ಇನ್ನೊಂದು ಹೊರೆ ಇರುತ್ತದೆ: "ಮತ್ತೆ ಬಂತಲ್ಲ", "ನಾನೇ ಸರಿ ಇಲ್ಲ" ಎಂಬ ಯೋಚನೆ. ಆ ಹೊರೆ ಕಡಿಮೆಯಾಗಬಹುದು. ಸಿಟ್ಟು ಏರುವುದು ಮೊದಲೇ ಗೊತ್ತಾದರೆ ಬಾಯಿ ಬಿಡುವ ಮುಂಚೆ ತಡೆಯಲು ಒಂದು ಗಳಿಗೆ ಸಿಗುತ್ತದೆ.

ಪಿಎಂಎಸ್ ಇರುವವರ ಮೇಲೆ ಈ ಬಗ್ಗೆ ನಡೆದ ಅಧ್ಯಯನಗಳು ಹೆಚ್ಚಾಗಿ ಚಿಕ್ಕವು. ಫಲಿತಾಂಶ ಆಶಾದಾಯಕ, ಆದರೆ ಗಟ್ಟಿ ಪುರಾವೆ ಎನ್ನಲಾಗದು. ಯಾಕೆ ಇಷ್ಟು ಎಚ್ಚರಿಕೆ? 1998ರಲ್ಲೇ ಪ್ರಕಟವಾದ ಇನ್ನೊಂದು ಪ್ರಯೋಗ ನೋಡಿ. ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಪಡೆದವರಲ್ಲಿ ಮೂರನೇ ತಿಂಗಳಿಗೆ ಲಕ್ಷಣಗಳು ಶೇ 48ರಷ್ಟು ಇಳಿದವು. ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಶೇ 30ರಷ್ಟು ಇಳಿದವು! ಅದಕ್ಕೇ "ನನಗೆ ಆರಾಮಾಯ್ತು" ಎಂಬ ಒಬ್ಬರ ಮಾತು ಸುಳ್ಳಲ್ಲದಿದ್ದರೂ, ಎಲ್ಲರಿಗೂ ಅನ್ವಯಿಸುವ ಪುರಾವೆ ಆಗುವುದಿಲ್ಲ.

ಮಾಡಿ ನೋಡುವುದಾದರೆ ಹೇಗೆ?

ಖರ್ಚಿಲ್ಲ, ಆ್ಯಪ್ ಬೇಕಿಲ್ಲ. ತಿಂಗಳ ಎಲ್ಲ ದಿನವೂ ರೂಢಿ ಮಾಡಿ. ಸಂಕಟದ ದಿನ ಮಾತ್ರ ಕೂತರೆ ಕಷ್ಟ.

• ಗೋಡೆಗೆ ಒರಗಿ ಕೂರಿ ಅಥವಾ ಮಲಗಿ. ಐದರಿಂದ ಹತ್ತು ನಿಮಿಷ ಉಸಿರು ಬರುವುದನ್ನು, ಹೋಗುವುದನ್ನು ಗಮನಿಸಿ.
• ಮನಸ್ಸು ಬೇರೆಡೆ ಓಡಿದರೆ ಬೈದುಕೊಳ್ಳಬೇಡಿ. ಮತ್ತೆ ಉಸಿರಿಗೆ ತನ್ನಿ.
• ಪಾದದಿಂದ ತಲೆಯವರೆಗೆ ಎಲ್ಲಿ ಬಿಗಿ ಇದೆ, ಎಲ್ಲಿ ನೋವಿದೆ ಎಂದು ಒಂದೊಂದೇ ಭಾಗ ಗಮನಿಸಿ.
• ಕೂರಲು ಪುರಸೊತ್ತಿಲ್ಲವೇ? ರೊಟ್ಟಿ ಬಡಿಯುವಾಗ ಹಿಟ್ಟಿನ ಮೆದು, ಹಂಚಿನ ಕಾವು, ಅಂಗೈ ಸದ್ದು ಇವುಗಳ ಮೇಲೇ ಗಮನ ಇಡಿ.
• ಕಣ್ಣು ಮುಚ್ಚಿದಾಗ ಭಯ ಅಥವಾ ಹಳೆಯ ಕೆಟ್ಟ ನೆನಪು ಹೆಚ್ಚಾದರೆ ನಿಲ್ಲಿಸಿ.

ಮನೆಯವರಿಗೂ ಒಂದು ಮಾತು. "ಧ್ಯಾನ ಮಾಡು" ಎಂದು ಹೇಳಿ ಎಲ್ಲ ಕೆಲಸ ಆಕೆಯ ತಲೆಗೇ ಕಟ್ಟಿದರೆ ಪ್ರಯೋಜನವಿಲ್ಲ. ಆ ವಾರ ನೀರು ತರುವುದನ್ನೋ ಪಾತ್ರೆ ತೊಳೆಯುವುದನ್ನೋ ನೀವು ಮಾಡಿ.

ಮೊದಲು ಬರೆದಿಡಿ

ಧ್ಯಾನಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಮನೆಯ ಕ್ಯಾಲೆಂಡರಿನಲ್ಲಿ ಎರಡು ತಿಂಗಳು ದಿನವೂ ಗುರುತು ಹಾಕಿ: ಮುಟ್ಟು ಯಾವ ದಿನ, ಸಿಡುಕು, ಅಳು, ನೋವು ಯಾವ ದಿನ. ಮುಟ್ಟಿಗೆ ಮುಂಚೆ ಏರಿ, ನಂತರ ಇಳಿದರೆ ಪಿಎಂಎಸ್ ಇರಬಹುದು. ತಿಂಗಳಿಡೀ ಇದ್ದರೆ ಖಿನ್ನತೆ, ಥೈರಾಯ್ಡ್, ರಕ್ತಹೀನತೆಯಂಥ ಬೇರೆ ಕಾರಣ ಹುಡುಕಬೇಕು. ವೈದ್ಯರಿಗೆ ಈ ಪುಟ ತೋರಿಸಿದರೆ ಅರ್ಧ ಕೆಲಸ ಆದಂತೆ.

ಯಾವಾಗ ವೈದ್ಯರ ಬಳಿ ಹೋಗಲೇಬೇಕು?

ನೂರರಲ್ಲಿ ಸುಮಾರು ಎರಡರಿಂದ ಐದು ಜನರಿಗೆ ಇದು ತೀವ್ರ ರೂಪದಲ್ಲಿ ಬರುತ್ತದೆ. ಅದಕ್ಕೆ ಪಿಎಂಡಿಡಿ ಎಂದು ಹೆಸರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಪ್ರತಿ ತಿಂಗಳೂ ಕೆಲಸ, ಓದು, ಸಂಸಾರ ಕೆಡುವಷ್ಟಾದರೆ, ಅಥವಾ "ಬದುಕೇ ಬೇಡ" ಅನ್ನಿಸಿದರೆ ಧ್ಯಾನವನ್ನು ನಂಬಿ ಕೂರಬೇಡಿ. ಇದಕ್ಕೆ ಒಳ್ಳೆಯ ಔಷಧಗಳಿವೆ. ಕೆಲವನ್ನು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಕೊಡುವುದೂ ಉಂಟು. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಫಾರ್ವರ್ಡ್ ಓದಿ ನಿಲ್ಲಿಸಬೇಡಿ.

ಗೊಳಸಂಗಿಯಂಥ ಊರಿನಲ್ಲಿ ಯಾರನ್ನು ಕೇಳಬೇಕು? ಮೊದಲು ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಯಾವ ದಿನ ಎಂದು ಆಸ್ಪತ್ರೆಯಲ್ಲೇ ವಿಚಾರಿಸಿ. ಹೊರಗೆ ಹೋಗಲು ಆಗದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಟೆಲಿ-ಮಾನಸ್ ಸಹಾಯವಾಣಿ. ಉಚಿತ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ

ಮುಟ್ಟಿನ ಮುಂಚಿನ ಸಂಕಟ ನಿಜವಾದ ತೊಂದರೆ. ಧ್ಯಾನ ಅದಕ್ಕೊಂದು ಊರುಗೋಲು, ಚಿಕಿತ್ಸೆಗೆ ಬದಲಿ ಅಲ್ಲ. "ಮಾತ್ರೆ ಬಿಡಿ" ಎನ್ನುವ ಸಂದೇಶ ಮತ್ತೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಕಳಿಸಲೇಬೇಕು ಅನ್ನಿಸಿದರೆ 14416 ಸಂಖ್ಯೆಯನ್ನು ಕಳಿಸಿ.