‘ೞ’ ಅಕ್ಷರದ ತಪ್ಪು ಹೆಸರು: ಕನ್ನಡ ತಂತ್ರಾಂಶದ ಒಳಗುಣದ ಕಥೆ

ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಮೊದಮೊದಲು ಹಸಿರಾಗಿಯೇ ಇರುತ್ತದೆ. ತೋಟವನ್ನು ಬಲ್ಲವರು ಎಲೆಯನ್ನು ನಂಬುವುದಿಲ್ಲ. ಬಗ್ಗಿ ಕಾಂಡವನ್ನು ನೋಡುತ್ತಾರೆ. ತೊಗಟೆಯ ಮೇಲೆ ಉಬ್ಬಿದ ಗೆರೆಗಳು ಕಂಡರೆ ಒಳಗೆ ಹುಳು ಸುರಂಗ ಕೊರೆದಿದೆಯೆಂದೇ ಅರ್ಥ. ತಂತ್ರಾಂಶ ಬರೆಯುವವರಲ್ಲಿಯೂ ಇಂತಹುದೇ ಒಂದು ಲಕ್ಷಣಶಾಸ್ತ್ರ ಬೆಳೆದಿದೆ. 1999ರಲ್ಲಿ ಮಾರ್ಟಿನ್ ಫೌಲರ್ ಪ್ರಕಟಿಸಿದ ‘ರಿಫ್ಯಾಕ್ಟರಿಂಗ್’ ಎಂಬ ಗ್ರಂಥದಲ್ಲಿ ಕೆಂಟ್ ಬೆಕ್ ಅವರೊಡನೆ ಕೂಡಿ ಬರೆದ ಒಂದು ಅಧ್ಯಾಯವಿದೆ. ಕೆಟ್ಟ ಕೋಡಿನ ಲಕ್ಷಣಗಳನ್ನು ಅವರು ‘ದುರ್ವಾಸನೆ’ ಎಂದು ಕರೆದು ಪಟ್ಟಿ ಮಾಡಿದ್ದಾರೆ. ಕಾರ್ಯಕ್ರಮ ಓಡುತ್ತಿರುತ್ತದೆ, ಉತ್ತರವೂ ಸರಿಯಾಗಿಯೇ ಬರುತ್ತಿರುತ್ತದೆ. ಆದರೂ ಒಳಗೇನೋ ಕೊಳೆಯುತ್ತಿದೆ ಎಂದು ಮೂಗಿಗೆ ತಿಳಿಯುತ್ತದೆ.

ಈ ವೃತ್ತಿಯಲ್ಲಿಲ್ಲದ ಬಂಧುಗಳಿಗಾಗಿ ಒಂದು ಉದಾಹರಣೆ. ತೋಟದ ಚೆಕ್‌ರೋಲಿನ ಲೆಕ್ಕಕ್ಕೆ ಒಬ್ಬರು ಕಾರ್ಯಕ್ರಮ ಬರೆದರೆಂದುಕೊಳ್ಳಿ. ದಿನಗೂಲಿಯ ದರವನ್ನು ಒಂದೆಡೆ ಬರೆದು ಉಳಿದೆಡೆ ಅದನ್ನು ಕರೆಯುವ ಬದಲು, ಹದಿನೇಳು ಕಡೆ ಅಂಕಿಯಲ್ಲೇ ಬರೆದಿದ್ದಾರೆ. ಆ ವರ್ಷ ಲೆಕ್ಕ ಚೊಕ್ಕವಾಗಿಯೇ ಬರುತ್ತದೆ. ಮರುವರ್ಷ ಕೂಲಿ ಹೆಚ್ಚಿದಾಗ ಹದಿನಾರು ಕಡೆ ತಿದ್ದಿ ಒಂದು ಕಡೆ ಮರೆತರೆ, ಯಾರದೋ ಬಟವಾಡೆಯಲ್ಲಿ ಕೊರತೆ ಬೀಳುತ್ತದೆ. ಹೊರಗಿನ ನಡವಳಿಕೆಯನ್ನು ಕದಲಿಸದೆ ಒಳಗಿನ ಕಟ್ಟಡವನ್ನು ಮಾತ್ರ ಓರಣಗೊಳಿಸುವುದಕ್ಕೆ ರಿಫ್ಯಾಕ್ಟರಿಂಗ್ ಎಂದು ಹೆಸರು. ಅದು ಗಿಡವನ್ನು ಕಿತ್ತು ಸುಡುವುದಲ್ಲ, ಗಿಡಗಸಿ ಮಾಡುವುದು.

ನಾನು ಈಗ ಹೇಳಹೊರಟಿರುವುದು ನಮ್ಮ ಲಿಪಿಯ ಚರಿತ್ರೆಯನ್ನು. ಗಣಕದಲ್ಲಿ ಕನ್ನಡ ಕುಳಿತ ಬಗೆಯನ್ನು ನೋಡಿದರೆ ಈ ದುರ್ವಾಸನೆಗಳ ಪಾಠ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

1990ರ ದಶಕದ ಗಣಕಗಳಲ್ಲಿ ಒಂದು ಅಕ್ಷರಮಾದರಿಗೆ, ಅಂದರೆ ಫಾಂಟಿಗೆ, ದೊರೆಯುತ್ತಿದ್ದುದು 256 ಮನೆಗಳು ಮಾತ್ರ. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಅಷ್ಟರಲ್ಲಿ ಹಿಡಿಸವು. ಆದುದರಿಂದ ಅಕ್ಷರಗಳನ್ನು ತುಂಡರಿಸಿ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ‘ಕ’ ಎಂಬುದು ಕಡತದಲ್ಲಿ ‘ಕ’ ಆಗಿರಲಿಲ್ಲ; ತಲಕಟ್ಟಿಲ್ಲದ ಒಡಲು ಒಂದು ತುಂಡು, ತಲಕಟ್ಟು ಇನ್ನೊಂದು ತುಂಡು. ‘ಕಿ’ ಮಾತ್ರ ಇಡಿಯಾಗಿ ಬೇರೆಯೇ ಮನೆಯಲ್ಲಿ. ಹೀಗಾಗಿ ‘ಕ’ ಮತ್ತು ‘ಕಿ’ ಒಂದೇ ವ್ಯಂಜನದ ರೂಪಗಳೆಂಬುದು ಯಂತ್ರಕ್ಕೆ ತಿಳಿಯುವಂತಿರಲಿಲ್ಲ. ‘ಅರ್ಕ’ದ ಅರ್ಕಾವೊತ್ತು ಕಣ್ಣಿಗೆ ಕಡೆಯಲ್ಲಿ ಕಾಣುವುದರಿಂದ ಕಡತದಲ್ಲಿಯೂ ಕಡೆಯಲ್ಲೇ ಕುಳಿತಿತ್ತು. ಒಂದನೆಯ ತರಗತಿಯ ಮಗುವಿಗೆ ಗೊತ್ತಿರುವ ಕಾಗುಣಿತ ಗಣಕಕ್ಕೆ ಗೊತ್ತಿರಲಿಲ್ಲ. ಸಾಲದ್ದಕ್ಕೆ ಪ್ರತಿಯೊಂದು ಸಂಸ್ಥೆಯ ತುಂಡುಗಳ ಕ್ರಮವೂ ಬೇರೆ ಬೇರೆ.

ಇದನ್ನು ಮಾಡಿದವರನ್ನು ಹಳಿಯುವುದು ನ್ಯಾಯವಲ್ಲ. ಅಂದಿನ ಯಂತ್ರದಲ್ಲಿ ಬೇರೆ ದಾರಿಯಿರಲಿಲ್ಲ, ಪತ್ರಿಕೆಗಳು ಮರುದಿನ ಬೆಳಗ್ಗೆ ಹೊರಬರಲೇಬೇಕಿತ್ತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇಲ್ಲದಿದ್ದರೆ ನನ್ನಂತಹ ಎಷ್ಟೋ ಮೇಷ್ಟರುಗಳು ಗಣಕದಲ್ಲಿ ಒಂದು ಸಾಲು ಕನ್ನಡವನ್ನೂ ಬರೆಯುತ್ತಿರಲಿಲ್ಲ. ಹೊಸ ಶತಮಾನದ ಆರಂಭದಲ್ಲಿ ಸರ್ಕಾರ ತುಂಡುಗಳಿಗೆ ಏಕರೂಪದ ಕ್ರಮವೊಂದನ್ನು ಗೊತ್ತುಮಾಡಿದ್ದರಿಂದ ಕಡತಗಳ ವಿನಿಮಯ ಸುಲಭವಾಯಿತು. ಬೇರಿನ ರೋಗ ಮಾತ್ರ ಹಾಗೆಯೇ ಉಳಿಯಿತು. ಅಕ್ಷರದ ಅರ್ಥವನ್ನು ಬಿಟ್ಟು ಆಕಾರವನ್ನು ಶೇಖರಿಸಿಟ್ಟದ್ದೇ ಆ ರೋಗ.

ಅದರ ಲಕ್ಷಣ ತೆರೆಯ ಮೇಲಾಗಲಿ ಮುದ್ರಿತ ಪುಟದಲ್ಲಾಗಲಿ ಕಾಣುವುದಿಲ್ಲ. ಆ ಕಾಲದಲ್ಲಿ ಸಿದ್ಧವಾದ ಸ್ಮರಣ ಸಂಚಿಕೆಯೊಂದರ ಕಡತ ನನ್ನ ಬಳಿಯಿದೆ. ಅದೇ ಫಾಂಟ್ ಇರುವ ಗಣಕದಲ್ಲಿ ತೆರೆದರೆ ಮುತ್ತು ಪೋಣಿಸಿದಂತಿರುವ ಕನ್ನಡ. ಬೇರೊಂದರಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ‘ಕ’ದ ಒಡಲು ಅಲ್ಲಿ ‘ಪಿ’ ಅಕ್ಷರವಾಗಿ ನಿಂತಿರುತ್ತದೆ. ಅದರಲ್ಲಿರುವ ಹಳೆಯ ವಿದ್ಯಾರ್ಥಿಗಳ ಹೆಸರನ್ನು ಅಕಾರಾದಿಯಾಗಿ ಜೋಡಿಸೆಂದು ಗಣಕಕ್ಕೆ ಹೇಳಿದರೆ ‘ಕಮಲ’ ಒಂದು ಕಡೆ, ‘ಕಿರಣ’ ಇನ್ನೊಂದು ಕಡೆ ಹೋಗುತ್ತಾರೆ. ಮುದ್ರಿಸುವವರೆಗೆ ಎಲ್ಲವೂ ಸರಿ. ಹುಡುಕು, ಜೋಡಿಸು, ಬೇರೆ ಯಂತ್ರಕ್ಕೆ ಸಾಗಿಸು ಎಂದಾಗಲೇ ಕಾಂಡದ ಉಬ್ಬುಗೆರೆ ಕಾಣುವುದು.

ಇದನ್ನು ಬೇಗನೆ ಮನಗಂಡವರಲ್ಲಿ ನಮ್ಮೂರಿನವರೊಬ್ಬರಿದ್ದರೆಂಬುದು ನನಗೆ ಹೆಮ್ಮೆಯ ವಿಷಯ. ಹ್ಯಾಂಡ್‌ಪೋಸ್ಟ್ ಬಳಿಯ ‘ನಿರುತ್ತರ’ದಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಮೀನು, ಹಕ್ಕಿ, ಕ್ಯಾಮೆರಾಗಳಂತೆಯೇ ಗಣಕವನ್ನೂ ಬಿಚ್ಚಿ ನೋಡುವ ಕುತೂಹಲವುಳ್ಳವರು. ಕನ್ನಡದ ಮುಂದಿನ ಬಾಳುವೆ ತಂತ್ರಾಂಶವನ್ನು ಅವಲಂಬಿಸಿದೆಯೆಂದು ಅವರು ಸಾರಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ‘ಕುವೆಂಪು’ ತಂತ್ರಾಂಶ ಹೊರಬರುವುದಕ್ಕೆ ಒತ್ತಾಸೆಯಾಗಿ ನಿಂತರು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು.

ಬೇರಿಗೇ ಮದ್ದು ಹಾಕಿದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು ದೊರೆತವು. ಇಲ್ಲಿ ‘ಕ’ ಎಲ್ಲಿ ಬಂದರೂ 3221. ‘ಅಕ್ಕ’ ಎಂದರೆ ಅ, ಕ, ವಿರಾಮ ಚಿಹ್ನೆ, ಕ. ಒತ್ತನ್ನು ಎಲ್ಲಿ ಹೇಗೆ ಬರೆಯಬೇಕೆಂಬುದು ಫಾಂಟಿನ ಹೊಣೆ. ಅರ್ಥ ಒಂದು ಕಡೆ, ಆಕಾರ ಇನ್ನೊಂದು ಕಡೆ. ಆದರೆ ಇದನ್ನು ಓದಿ ತೋರಿಸುವ ಶಕ್ತಿ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಂದಿಗೆ. ಆ ಹತ್ತು ವರ್ಷಗಳಲ್ಲಿ ಹಳೆಯ ಪದ್ಧತಿಯ ಕಡತಗಳು ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ರಾಶಿಬಿದ್ದಿದ್ದವು. ಅವನ್ನು ಪರಿವರ್ತಿಸುವ ಕೆಲಸ ಇಂದಿಗೂ ಮುಗಿದಿಲ್ಲ.

ಹೊಸ ಮನೆಯಲ್ಲಿಯೂ ಸಣ್ಣಪುಟ್ಟ ದೋಷಗಳುಂಟು. ‘ೋ’ ಸ್ವರಚಿಹ್ನೆಯನ್ನು 3275 ಎಂಬ ಒಂದೇ ಸಂಕೇತವಾಗಿಯೂ ಬರೆಯಬಹುದು, 3270, 3266, 3285 ಎಂಬ ಮೂರು ತುಂಡುಗಳಾಗಿಯೂ ಬರೆಯಬಹುದು. ಇವೆರಡೂ ಸಮವೆಂದು ಯೂನಿಕೋಡ್ ವಿಧಿಸಿದೆ. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವುದು ಕಾರ್ಯಕ್ರಮ ಬರೆಯುವವರ ಕರ್ತವ್ಯ. ಕೆಲವರು ಮರೆಯುತ್ತಾರೆ. ಇನ್ನು ಅನುಸ್ವಾರದ ಬದಲಿಗೆ ಕನ್ನಡದ ಸೊನ್ನೆಯನ್ನು ಒತ್ತುವವರ ವಿಷಯ. ‘ಕ೦ಪ್ಯೂಟರ್’ ಎಂದು ಸೊನ್ನೆ ಹಾಕಿ ಬರೆದದ್ದು ನೋಡಲು ಸರಿಯಾಗಿಯೇ ಇದೆ. ಗಣಕಕ್ಕೆ ಮಾತ್ರ ಅನುಸ್ವಾರ 3202, ಸೊನ್ನೆ 3302. ಹುಡುಕಿದರೆ ಆ ಪದ ಸಿಗುವುದೇ ಇಲ್ಲ. ಪದದ ನಡುವೆ ಅಂಕಿ ಬಂದರೆ ಅನುಸ್ವಾರವೆಂದು ತಿದ್ದುವ ನಾಲ್ಕು ಸಾಲಿನ ನಿಯಮ ಇದಕ್ಕೆ ಸಾಕು. ನೋಟಬುಕ್ಕಿನಲ್ಲಿ ಎರಡನ್ನೂ ಒಂದೇ ರೀತಿ ಬರೆಯುತ್ತಿದ್ದ ನೀವೆಲ್ಲರೂ ಇದನ್ನು ಓದಿ ನಗುತ್ತಿರಬಹುದು.

ಇವೆಲ್ಲ ತಿದ್ದಬಹುದಾದವು. ತಿದ್ದಲಾಗದ ಒಂದಿದೆ. 3294ನೆಯ ಮನೆಯಲ್ಲಿರುವುದು ಹಳಗನ್ನಡದ ‘ೞ’. ಏೞು, ಕೋೞಿ, ಬಾೞ್ ಎಂದು ಹಿಂದಿನವರು ಬರೆಯುತ್ತಿದ್ದ ಅಕ್ಷರ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ‘ರೞ’ ಎಂದು ಕರೆದು, ಕುಳ ಕ್ಷಳಗಳಿಂದ ಬೇರ್ಪಡಿಸಿ, ಇದು ಬರುವ ಪದಗಳನ್ನು ಪಟ್ಟಿಮಾಡಿದ್ದಾನೆ. ಯೂನಿಕೋಡಿನಲ್ಲಿ ಇದಕ್ಕೆ ದೊರೆತ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’, ಅಂದರೆ ‘ಫ಼’! ಎತ್ತಣ ರೞ, ಎತ್ತಣ ಫ಼? ಇದು ತಪ್ಪೆಂದು ಯೂನಿಕೋಡಿನವರೇ ಟಿಪ್ಪಣಿಯಲ್ಲಿ ಒಪ್ಪಿದ್ದಾರೆ. ಫೌಲರ್ ಅವರ ಗ್ರಂಥದ 2018ರ ಎರಡನೆಯ ಆವೃತ್ತಿಯಲ್ಲಿ ದುರ್ವಾಸನೆಗಳ ಪಟ್ಟಿಯ ಮೊದಲ ಸ್ಥಾನ ‘ನಿಗೂಢವಾದ ಹೆಸರಿ’ಗೇ ಮೀಸಲು, ಅರ್ಥ ತಿಳಿಸದ ಹೆಸರನ್ನು ಬದಲಿಸಿರೆಂಬುದೇ ಅಲ್ಲಿಯ ಪರಿಹಾರ. ಇಲ್ಲಿ ಆ ಪರಿಹಾರಕ್ಕೆ ಅವಕಾಶವಿಲ್ಲ. ಒಮ್ಮೆ ಇಟ್ಟ ಹೆಸರನ್ನು ಎಂದೆಂದಿಗೂ ಬದಲಿಸಬಾರದೆಂಬುದು ಅವರ ನಿಯಮ, ಏಕೆಂದರೆ ಲೋಕದ ಯಾವ ಮೂಲೆಯಲ್ಲಿ ಯಾವ ಕಾರ್ಯಕ್ರಮ ಆ ಹೆಸರನ್ನು ನೆಚ್ಚಿಕೊಂಡಿದೆಯೋ ತಿಳಿಯದು. ನಿಯಮ ವಿವೇಕದ್ದೇ. ಹೀಗಾಗಿ ಹಳೆಯ ಹೆಸರನ್ನು ಹಾಗೆಯೇ ಬಿಟ್ಟು, ‘ಎಲ್‌ಎಲ್‌ಎಲ್‌ಎ’ ಎಂಬ ಸರಿಯಾದ ಹೆಸರನ್ನು ಅಧಿಕೃತ ಉಪನಾಮವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ.

2021ರ 14ನೆಯ ಆವೃತ್ತಿಯಲ್ಲಿ ಹಳೆಯ ಬರಹಗಳ ನಕಾರಪೊಲ್ಲು ‘ೝ’ ಕೂಡ ಯೂನಿಕೋಡಿಗೆ ಬಂದು 3293ನೆಯ ಮನೆಯಲ್ಲಿ ಕುಳಿತಿದೆ. ಅದಕ್ಕೆ ಇಟ್ಟ ಹೆಸರು ‘ನಕಾರಪೊಲ್ಲು’ ಎಂದೇ. ಪಕ್ಕದ ಮನೆಯ ಬಾಗಿಲಿನ ಮೇಲೆ ಈಗಲೂ ‘ಎಫ್‌ಎ’ ಎಂದಿದೆ.